ಅಣೆಕಟ್ಟು ಒಡೆದ ಪರೀಕ್ಷೆ

ನಮ್ಮ ವಿಶ್ವವಿದ್ಯಾಲಯದ ಪ್ರಸಾರ ವಿಭಾಗಕ್ಕೆ ಇರುವುದು ಒಂದೇ ಸ್ಟುಡಿಯೋ. ಅದರಿಂದಲೇ ಊರಿಗೆಲ್ಲ ರೇಡಿಯೋ, ಅದರಲ್ಲೇ ನಮ್ಮ ಪಾಠ. ನಡುವೆ ಒಂದು ಸ್ವಿಚ್ಚು. ಅದು ಕೆಳಗಿದ್ದರೆ ನಮ್ಮ ಮಾತು ಕೋಣೆಯಲ್ಲೇ ಉಳಿಯುತ್ತದೆ, ಊರಿಗೆ ಹಾಡು ಹೋಗುತ್ತಿರುತ್ತದೆ. ಮೇಲಿದ್ದರೆ ನಮ್ಮ ಮಾತೇ ಊರಿಗೆ ಹೋಗುತ್ತದೆ. ಪ್ರಾಯೋಗಿಕ ಪರೀಕ್ಷೆಯ ದಿನ ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಸಹಪಾಠಿ ನಿಧಾನಪ್ಪನದು. ಹೆಸರು ನಾವಿಟ್ಟಿದ್ದು. ಮನೆಗೆ ಬೆಂಕಿ ಬಿದ್ದರೂ ಮೊದಲು ಚಪ್ಪಲಿ ಹುಡುಕುವ ಆಸಾಮಿ.

ಪರೀಕ್ಷೆಗೆಂದು ಮೇಷ್ಟ್ರು ಒಂದು ಸುಳ್ಳು ಸುದ್ದಿ ಬರೆದಿದ್ದರು. ಅಣೆಕಟ್ಟು ಒಡೆದಿದೆ, ನದಿ ದಂಡೆಯವರೆಲ್ಲ ಕೂಡಲೇ ತಾರಸಿ ಹತ್ತಬೇಕು ಎಂದು. ನಿಜವಿದ್ದಂತೆ ಇರಲಿ ಅಂತ ನಮ್ಮೂರಿನ ಅಣೆಕಟ್ಟಿನ ಹೆಸರನ್ನೇ ಹಾಕಿದ್ದರು. ಈ ಬುದ್ಧಿವಂತಿಕೆಗೆ ಏನು ಹೇಳಲಿ. ಓದುವಾಗ ದನಿ ನಡುಗಬಾರದು, ಒಟ್ಟು ಅಂಕದಲ್ಲಿ ಅರ್ಧ ಅದಕ್ಕೇ. ನನ್ನ ದನಿ ನಡುಗಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಓದಿ ಮುಗಿಸಿದೆ. ಗಾಜಿನ ಆಚೆ ಮೇಷ್ಟ್ರು ತಲೆದೂಗಿದರು.

ಹೊರಗೆ ಕಾಲಿಟ್ಟೆ, ಅಮ್ಮನ ಫೋನು.

“ಪುಟ್ಟಿ, ಎಲ್ಲಿದ್ದೀಯ? ಅಲ್ಲಿಗೆ ನೀರು ಬಂತಾ?”

“ಯಾವ ನೀರಮ್ಮ?”

“ಈಗ ನೀನೇ ಹೇಳಿದ್ಯಲ್ಲೇ ರೇಡಿಯೋದಲ್ಲಿ. ನಾನು ತಾರಸಿಗೆ ಬಂದೆ. ನಿಮ್ಮಪ್ಪ ಪಕ್ಕದ್ಮನೆ ಅಜ್ಜಿನ ಹೊತ್ಕೊಂಡು ಬರ್ತೀನಿ ಅಂತ ಹೋದ್ರು. ಹೇಳಿದ್ರೆ ಕೇಳ್ಬೇಕಲ್ಲ.”

ಅಪ್ಪನಿಗೆ ಹೃದಯದ ಆಪರೇಷನ್ ಆಗಿ ಇನ್ನೂ ಗಾಯ ಮಾಗಿಲ್ಲ. ಭಾರ ಎತ್ತಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

“ಅಮ್ಮ, ಅದೆಲ್ಲ ಸುಳ್ಳು. ಪರೀಕ್ಷೆಗೆ ಓದಿದ್ದು. ಅಪ್ಪನ್ನ ತಡಿ.”

“ನಿನ್ನ ದನಿ ನೋಡು ಹೇಗೆ ನಡುಗ್ತಿದೆ. ನಮಗೆ ಧೈರ್ಯ ಹೇಳೋಕೆ ಏನೇನೋ ಹೇಳ್ಬೇಡ ಕಂದ. ನೀನೂ ಎತ್ತರಕ್ಕೆ ಹೋಗು.”

ಸ್ಟುಡಿಯೋಗೆ ನುಗ್ಗಿದೆ. ಸ್ವಿಚ್ಚು ಮೇಲೇ ಇತ್ತು. ಅದನ್ನೇ ನೋಡುತ್ತ ಕೂತಿದ್ದ ನಿಧಾನಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಬೈಯಲೂ ನನಗೆ ಪುರುಸೊತ್ತಿರಲಿಲ್ಲ. ಮೈಕಿನ ಮುಂದೆ ಕೂತು, ಈಗ ಓದಿದ್ದು ಸುಳ್ಳು, ಅಣೆಕಟ್ಟು ಗಟ್ಟಿಯಾಗಿದೆ, ಯಾರೂ ಓಡಬೇಡಿ ಎಂದೆ. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಬಿಕ್ಕಿದೆ. ಕಿಟಕಿಯಾಚೆ ಜನ ಮಕ್ಕಳನ್ನು ಎತ್ತಿಕೊಂಡು ಓಡುತ್ತಲೇ ಇದ್ದರು.

ಮೈಕಿನಿಂದ ದೂರ ಸರಿದು ಮತ್ತೆ ಅಮ್ಮನಿಗೆ ಫೋನು ಹಚ್ಚಿದೆ. “ಅಪ್ಪ ಕೇಳಿದ್ರಾ?”

“ಕೇಳಿದ್ರು. ಅಳ್ತಿದ್ದಾಳೆ, ಯಾರೋ ಹೆದರಿಸಿ ಹೇಳಿಸ್ತಿದ್ದಾರೆ ಅಂತಾರೆ. ಮೊದಲು ಓದಿದ್ದೇ ನಿಜ ಅಂತೆ. ಅಯ್ಯೋ, ಅಜ್ಜಿನ ಬೆನ್ನ ಮೇಲೆ ಹೊತ್ಕೊಂಡು ಮೆಟ್ಲ ಹತ್ರ ಬಂದ್ರು ಕಣೇ.”

ಮತ್ತೆ ಮೈಕಿನ ಮುಂದೆ ಕೂತೆ. ಫೋನನ್ನು ಕಟ್ ಮಾಡದೆ ತೊಡೆಯ ಮೇಲಿಟ್ಟುಕೊಂಡೆ. ಎರಡು ವರ್ಷ ಮೇಷ್ಟ್ರು ಕಲಿಸಿದ್ದನ್ನೆಲ್ಲ ಮಾಡಿದೆ. ಬೆನ್ನು ನೆಟ್ಟಗೆ ಮಾಡಿದೆ, ಹೊಟ್ಟೆಯಿಂದ ಉಸಿರು ತೆಗೆದುಕೊಂಡೆ, ತುಟಿಯಲ್ಲಿ ಒಂದಿಷ್ಟು ನಗು ತಂದುಕೊಂಡೆ. ಒಳಗೆ ಪ್ರಾಣ ಹೋಗುತ್ತಿತ್ತು. ಅಣೆಕಟ್ಟು ಸುರಕ್ಷಿತವಾಗಿದೆ, ಸಾರ್ವಜನಿಕರು ಮನೆಗಳಿಗೆ ಮರಳಬಹುದು ಎಂದು ಬೆಣ್ಣೆಯಂಥ ದನಿಯಲ್ಲಿ ಓದಿದೆ. ಆ ಸುಳ್ಳನ್ನು ಓದಿದ್ದೂ ಇದೇ ದನಿಯಲ್ಲಿ. ಫೋನಿನಲ್ಲಿ ಅಕ್ಕಪಕ್ಕದ ಮನೆಗಳ ರೇಡಿಯೋಗಳಿಂದ ಅದೇ ದನಿ ನನಗೇ ತಿರುಗಿ ಕೇಳಿಸಿತು.

“ಇಳಿಸಿದ್ರು,” ಎಂದಳು ಅಮ್ಮ. “ಅಜ್ಜಿನ ಇಳಿಸಿ ಮೆಟ್ಲ ಮೇಲೆ ಕೂತ್ರು. ತುಂಬಾ ಏದುಸಿರು ಬಿಡ್ತಿದ್ದಾರೆ. ಇರು, ಕೆಳಗೆ ಹೋಗಿ ಕೊಡ್ತೀನಿ.”

ಏದುಸಿರು ಫೋನಿನ ಹತ್ತಿರ ಬಂತು.

“ಪುಟ್ಟಿ,” ಎಂದರು ಅಪ್ಪ. “ಮೈಕಿನ ಮಾತು ಬಿಡು. ನನ್ನ ಹತ್ರ ನಿಜ ಹೇಳು. ನೀರು ಬರ್ತಿಲ್ಲ ತಾನೇ?”

ಅಪ್ಪಾ ಎಂದು ಗೊಳೋ ಅಂತ ಅತ್ತುಬಿಡಬೇಕೆನಿಸಿತು. ಅತ್ತರೆ ಅವರು ಅಜ್ಜಿಯನ್ನು ಹೊರಲು ಮತ್ತೆ ಏಳುತ್ತಾರೆ. “ಇಲ್ಲಪ್ಪ, ಬರ್ತಿಲ್ಲ,” ಎಂದು ಸುದ್ದಿ ಓದುವ ದನಿಯಲ್ಲೇ ಹೇಳಿದೆ.