ಎಪ್ಪತ್ತರ ನೆಲ

ಜರ್ಮನ್ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಶಹಾಬಜಾರ ಪೇಟೆಯ ಹತ್ತಿ ದಲ್ಲಾಳಿ ದೌಲಪ್ಪನಿಗೆ ಅರವತ್ತು ದಾಟಿತ್ತು. ಮುಂಬಯಿಯಿಂದ ದರದ ತಂತಿಸುದ್ದಿ ಹೊತ್ತ ತಾರು ಬಂದಾಗಲೆಲ್ಲ ಆತ ಅಂಗಡಿಯ ಸುಣ್ಣದ ಗೋಡೆಯ ಮೇಲೆ ಆ ದಿನದ ದರಕ್ಕೊಂದು ಇದ್ದಿಲ ಚುಕ್ಕೆ ಇಡುತ್ತಿದ್ದ. ದರ ಏರಿದರೆ ಚುಕ್ಕೆ ಮೇಲೆ, ಇಳಿದರೆ ಕೆಳಗೆ. ವರ್ಷವಿಡೀ ದರ ಹತ್ತಿ ತುಂಬಿದ ಒಂದು ಅಂಡಿಗೆ ಚೀಲಕ್ಕೆ ಸಂಸ್ಥಾನದ ಎಂಬತ್ತನಾಲ್ಕು ಹಾಲಿ ರೂಪಾಯಿ ದಾಟಿರಲಿಲ್ಲ, ಎಪ್ಪತ್ತರ ಕೆಳಗೆ ಇಳಿದಿರಲಿಲ್ಲ. ಆ ಎರಡು ಎತ್ತರಗಳಲ್ಲಿ ಆತ ದಾರ ಬಿಗಿದಿದ್ದ. ಕೆಳಗಿನದು ನೆಲ, ಮೇಲಿನದು ಮಾಳಿಗೆ. ಚುಕ್ಕೆಗಳು ಅವುಗಳ ನಡುವೆ ಗಾಡಿಜಾಡು ಹಿಡಿದಂತೆ ಸಾಗಿದ್ದವು.

ದರ ಎಪ್ಪತ್ತೊಂದಕ್ಕೆ ಇಳಿದಾಗ ಕಮಲಾಪುರದ ಬಂಡಮ್ಮ ಬಂದಳು. ಗಂಡ ಸತ್ತ ಮೇಲೆ ಹೊಲ ತಾನೇ ನೋಡಿಕೊಳ್ಳುತ್ತಿದ್ದವಳು. ಮನೆಯಲ್ಲಿ ಇಪ್ಪತ್ತು ಅಂಡಿಗೆ ಹತ್ತಿ ತುಂಬಿಟ್ಟಿದ್ದಳು.

“ಮಾರ್ಲೇನ್ರೀ ಅಣ್ಣಾರ?”

“ಕಾಯಿ ತಂಗಿ. ಎಪ್ಪತ್ತಕ್ಕ ಬಂದ್ರ ರೈತರು ಮಾರೂದು ನಿಲ್ಲಸ್ತಾರ, ಗಿರಣಿಯವ್ರು ಕೊಳ್ಳಾಕ ಬರ್ತಾರ. ಮೂರ್ ಸಲ ಹಂಗ ಆಗೇದ.”

ನಾಲ್ಕನೆಯ ಸಲ ಹಾಗಾಗಲಿಲ್ಲ. ಅರವತ್ತೆಂಟು, ಅರವತ್ತಾರು, ಅರವತ್ತನಾಲ್ಕು. ದಾರದ ಕೆಳಗೆ ಚುಕ್ಕೆ ಇಡಲು ಬಗ್ಗಿದಾಗಲೆಲ್ಲ ದೌಲಪ್ಪನ ಮೊಣಕಾಲು ನೋಯುತ್ತಿದ್ದವು.

ಹದಿನೈದು ದಿನದ ಮೇಲೆ ದರ ಮತ್ತೆ ಎಪ್ಪತ್ತಕ್ಕೆ ಏರಿ ಅಲ್ಲೇ ನಿಂತಿತು. ಪೇಟೆಯವರು ಖುಷಿಪಟ್ಟರು. ಆತ ಪಡಲಿಲ್ಲ. ಎಪ್ಪತ್ತರಲ್ಲಿ ಕೊಂಡು ಸಿಕ್ಕಿಬಿದ್ದವರೆಲ್ಲ ಈಗ ಹಾಕಿದ ದುಡ್ಡು ಬಂದರೆ ಸಾಕೆಂದು ಮಾರುತ್ತಾರೆ, ದರ ಮೇಲೇರಲು ಬಿಡುವುದಿಲ್ಲ. ಮೊದಲಿನ ನೆಲವೇ ಇನ್ನು ಮಾಳಿಗೆ.

ಆ ದಿನ ಮುಂಬಯಿ ಗಿರಣಿಯ ಪರವಾಗಿ ಕೊಳ್ಳುವ ಬುರ್ಹಾನುದ್ದೀನ್ ಅಂಗಡಿಗೆ ಬಂದ.

“ಎಪ್ಪತ್ತರ ದರಕ್ಕ ಇಪ್ಪತ್ತು ಅಂಡಿಗಿ ತಗೋತೀನ್ರೀ. ಅದಕ್ಕಿಂತ ಜ್ಯಾದಾ ಬ್ಯಾಡ ಅಂದಾರ ಮಾಲಕರು.”

ದೌಲಪ್ಪನ ಕೋಣೆಯಲ್ಲಿ ಸ್ವಂತದ ಇಪ್ಪತ್ತೈದು ಅಂಡಿಗೆ ಇದ್ದವು. ಆತ ಎದ್ದು ಅದರ ಬಾಗಿಲು ಮುಚ್ಚಿದ.

“ಕಮಲಾಪುರದ ಮಾಲು ಕೊಡ್ತೀನ್ರೀ. ನಾಕು ದಿನ ಈ ದರದ ಮಾತು ಹಿಡೀರಿ.”

“ನಿಮ್ಮದು?”

“ಆಮ್ಯಾಲೆ ನೋಡೂಣು.”

ಬುರ್ಹಾನುದ್ದೀನ್ ಒಪ್ಪಿದ. ಮರುದಿನ ನಸುಕಿನಲ್ಲೇ ಗಾಡಿ ಹತ್ತಿದ ದೌಲಪ್ಪ ಕಮಲಾಪುರ ಮುಟ್ಟಿದಾಗ ಹೊತ್ತು ಇಳಿದಿತ್ತು. ಬಂಡಮ್ಮ ನೀರು ಕೊಟ್ಟು, ಎರಡು ಕೆಂಪು ಬಾಳೆಹಣ್ಣು ಮುಂದಿಟ್ಟಳು. ಆತನಿಗೆ ಸುಲಿಯಲೂ ಆಗದಷ್ಟು ದಣಿವು.

“ನನ್ನ ಲೆಕ್ಕ ತಪ್ಪಿತು ತಂಗಿ. ಈಗ ಮಾರು.”

“ಅಂದು ಕಾಯಿ ಅಂದ್ರಿ, ಇಂದು ಮಾರು ಅಂತೀರಿ. ಯಾವುದು ನಂಬ್ಲಿ?”

“ಗೋಡಿ ಮ್ಯಾಲೆ ನಾ ನೋಡೂದು ಮಂದಿ ಆಸಿ, ಮಂದಿ ಅಂಜಿಕಿ. ಅದು ಬದಲಾಗ್ತದ. ಅವತ್ತ ನನಗ ಗೊತ್ತಾಗ್ಲಿಲ್ಲ.”

ಅವಳು ಆತನ ಧೂಳು ಮೆತ್ತಿದ ಕಾಲು ನೋಡಿದಳು.

“ಇಷ್ಟು ದೂರ ತಪ್ಪಾತು ಅಂತ ಹೇಳಾಕ ಬಂದೀರಿ,” ಎಂದಳು. “ನಸುಕಿಗೆ ಗಾಡಿ ಹೂಡಸ್ತೀನ್ರೀ.”

ಅವಳ ಹತ್ತಿ ಎಪ್ಪತ್ತಕ್ಕೇ ಹೋಯಿತು. ಆ ವಾರದಲ್ಲೇ ಅರವತ್ತೈದರ ತಾರು ಬಂತು. ಮತ್ತೆ ಕೊಳ್ಳುವವರು ಬರಲಿಲ್ಲ. ಹೋಳಿಯ ಹೊತ್ತಿಗೆ ಐವತ್ತೆರಡು. ದೌಲಪ್ಪ ತನ್ನದನ್ನು ಆ ದರಕ್ಕೆ ಕೊಟ್ಟು ಮನೆಗೆ ಬಂದ.

“ಮೊದಲ ನಮ್ಮದು ಕೊಡಬೇಕಿತ್ತಲ್ರೀ,” ಎಂದಳು ಹೆಂಡತಿ ಶಾರದಾಬಾಯಿ. ಸಿಟ್ಟಿನಿಂದಲ್ಲ, ಸೋತ ದನಿಯಲ್ಲಿ.

“ನಾನು ಗೋಡಿ ನೋಡಿ ಕುಂತಿದ್ದೆ. ಆಕಿ ನನ್ನ ಮಾತು ನಂಬಿ ಕುಂತಿದ್ಳು.”

ಶಾರದಾಬಾಯಿ ಚಾಪೆ ಹಾಸಿದಳು. ಮಧ್ಯಾಹ್ನದಲ್ಲಿ ಎಂದೂ ಮಲಗದ ದೌಲಪ್ಪ ಅಂದು ಊಟವನ್ನೂ ಮಾಡದೆ ನಿದ್ದೆಹೋದ.