ಮುಡಿಯದ ಹೂವು

"ಒಸಿ ಬಗ್ಗು ಸರಸೂ, ಹೂವ ನಿಲ್ತಾ ಇಲ್ಲ," ಎನ್ನುತ್ತ ಗಂಗಲಕ್ಷ್ಮಮ್ಮ ತಮ್ಮನ ಹೆಂಡತಿಯ ತುರುಬಿಗೆ ಕನಕಾಂಬರದ ದಂಡೆ ಸಿಕ್ಕಿಸುತ್ತಿದ್ದಳು. ಪಕ್ಕದಲ್ಲೇ ಲೋಕೇಶನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಾರೋಹಳ್ಳಿಯ ಕಾರ್ಖಾನೆಗೆ ಹೊರಟು ಸಾತನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದವನು ನಿನ್ನೆ ಎದೆ ಹಿಡಿದುಕೊಂಡು ಕುಸಿದಿದ್ದ. ಮಣ್ಣು ಮಾಡುವ ಮೊದಲು ಸರಸಮ್ಮನಿಗೆ ಕುಂಕುಮ, ಬಳೆ, ಹೂವು ಎಲ್ಲವನ್ನೂ ಕೊನೆಯ ಸಲ ಇಟ್ಟು, ಆಮೇಲೆ ಎಲ್ಲವನ್ನೂ ತೆಗೆಯಬೇಕು. ಅದು ಅವರ ಕಡೆಯ ಪದ್ಧತಿ. ಪದ್ಧತಿ ಮಾಡಿದವರಿಗೆ ಹೂವು ಮುಡಿಯುವ ಆಸೆ ಇದ್ದಿರಲಾರದು.

"ಬೇಗ ಮುಗಿಸ್ರವ್ವ, ಗುಣಿ ತೋಡಿ ಆಯ್ತು," ಎಂದು ಅಂಕಯ್ಯ ಒಳಗೆ ಬಂದ. ಅವನೂ ಲೋಕೇಶನೂ ಒಂದೇ ಕಾರ್ಖಾನೆಯವರು. ಗೋಡೆಯ ತುಂಬ ಅಂಟಿಸಿದ್ದ ಹೂವಿನ ಫೋಟೋಗಳ ಕಡೆ ಅವನ ಕಣ್ಣು ಹೋಯಿತು. "ಹೊಸಾ ಮಿಷಿನ್ ಕಲ್ಕೊಂಡ್ ಬನ್ನಿ ಅಂತ ಒಂದ್ ವರ್ಸ ಜಪಾನಿಗೆ ಕಳ್ಸುದ್ರು. ನಾವೆಲ್ಲ ಟೇಪ್‌ರೆಕಾರ್ಡು, ವಾಚು ತಂದ್ವಿ. ಇವ್ನು ಹೂವ ತಂದ." ನಗಲು ಹೋದವನು ಅತ್ತುಬಿಟ್ಟ.

ಸರಸಮ್ಮ ಗಂಗಲಕ್ಷ್ಮಮ್ಮನ ಕೈ ಹಿಡಿದುಕೊಂಡಳು. "ಬಳೆ ತಗೊಳ್ಳಿ, ತಾಳಿ ತಗೊಳ್ಳಿ. ಹೂವ ಒಂದ ಬುಟ್ಬುಡಿ ಅತ್ಗೆ."

"ಮದ್ವೆ ಆದ್ ಮೂರ್ ವರ್ಸಕ್ಕೇ ಮುಂಡೆ ಆದೋಳು ನಾನು. ನಂಗ್ಯಾರವ್ವ ಬುಟ್ರು?"

ಆ ಮಾತಿನಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

*

ಲೋಕೇಶ ಜಪಾನಿಗೆ ಹೋದ ಹೊಸದರಲ್ಲಿ ಸರಸಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: "ಅಲ್ಲೀ ಹೂವ ಒಸಿ ತತ್ತೀರಾ, ಮುಡ್ಕೊಳಕೆ?"

ಅವನು ಊರಿನ ರೂಢಿಯಂತೆ ದಾರಿಬದಿಯ ಚೆರಿ ಮರದಿಂದ ರೆಂಬೆಯೊಂದನ್ನು ಲಟಕ್ಕನೆ ಮುರಿದ. ಮರ ನೋಡಿಕೊಳ್ಳುವ ಮುದುಕ ಬೈಯಲಿಲ್ಲ. ಮುರಿದ ಜಾಗಕ್ಕೆ ಏನೋ ಮುಲಾಮು ಸವರಿ ಬಟ್ಟೆ ಕಟ್ಟಿದ. ಬೈಸಿಕೊಂಡಿದ್ದರೇ ವಾಸಿಯಿತ್ತು ಅನ್ನಿಸಿತು ಲೋಕೇಶನಿಗೆ. ಆಮೇಲೆ ಅವನು ಯಾವ ಹೂವಿಗೂ ಕೈ ಹಾಕಲಿಲ್ಲ, ಕ್ಯಾಮೆರಾ ಕೊಂಡ. ಮಳೆಗಾಲದಲ್ಲಿ ಗೊಂಚಲಾಗಿ ಅರಳುವ ಹೆಸರು ಗೊತ್ತಿಲ್ಲದ ನೀಲಿ ಹೂವು, ಆಮೇಲೆ ಸೇವಂತಿಗೆ, ಚಳಿ ಕಳೆಯುವಾಗ ಪ್ಲಮ್ ಹೂವು, ಮತ್ತೆ ಚೆರಿ. ಕಾಲ ಕಾಲಕ್ಕೆ ಬಂದದ್ದನ್ನೆಲ್ಲ ಹೆಂಡತಿಗೆಂದು ತೆಗೆದ.

"ಈ ಹೂವ ಹೆಂಗೆ ಮುಡ್ಕೊಳ್ಳದು?" ಅವನು ಊರಿಗೆ ಮರಳಿ ಕನಕಪುರದ ಸ್ಟುಡಿಯೋದಲ್ಲಿ ಫೋಟೋ ತೊಳೆಸಿ ತಂದ ದಿನ ಸರಸಮ್ಮ ರೇಗಿಸಿದಳು. ಒಂದು ಫೋಟೋದಲ್ಲಿ ಮುದುಕಿಯೊಬ್ಬಳು ಚೆರಿ ಮರದ ಕೆಳಗೆ ಕೂತಿದ್ದಳು. ನರೆತ ತಲೆಯ ಮೇಲೆಲ್ಲ ಎಸಳು ಬಿದ್ದಿತ್ತು.

"ಈಯಮ್ಮಂಗೆ ಗಂಡ ಅವ್ನಾ?"

"ಸತ್ತು ಬಾಳ ವರ್ಸ ಆಯ್ತಂತೆ."

"ಮತ್ತೆ ಹೂವ ಮುಡ್ದವ್ಳೆ?"

"ಅವಳೆಲ್ಲಿ ಮುಡ್ದವ್ಳೆ? ಮರ ಮುಡ್ಸೈತೆ ಕಣೆ," ಎಂದಿದ್ದ ಲೋಕೇಶ.

*

ಕನಕಾಂಬರ ಲೋಕೇಶನ ಜೊತೆ ಗುಣಿಗೆ ಹೋಯಿತು. ಮಣ್ಣಿಗೆ ಬಂದವರೆಲ್ಲ ಮನೆಯಲ್ಲಿ ಹಚ್ಚಿಟ್ಟ ದೀಪ ನೋಡಿಕೊಂಡು ಸಂಜೆಗೆ ಮುಂಚೆಯೇ ಹೊರಟರು. ಸರಸಮ್ಮ ಮಾತ್ರ ಮನೆಯಲ್ಲಿ ಕಾಣಲಿಲ್ಲ. ಗಂಗಲಕ್ಷ್ಮಮ್ಮ ಬಾವಿಯ ನೆನಪಾಗಿ ಹಿತ್ತಿಲಿಗೆ ಓಡಿದಳು.

ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಹೊಂಗೆಮರದ ಕೆಳಗೆ ಸರಸಮ್ಮ ಕೂತಿದ್ದಳು. ಯುಗಾದಿ ಕಳೆದು ಹೊಂಗೆ ಹೂಬಿಟ್ಟಿತ್ತು. ನೆಲದ ತುಂಬ ಕಡ್ಲೆಪುರಿ ಚೆಲ್ಲಿದ ಹಾಗೆ ಹೂವು. ಸ್ನಾನ ಮಾಡಿಸಿದ್ದ ಒದ್ದೆ ತಲೆಗೂ ಬಿದ್ದು ಅಂಟಿಕೊಂಡಿತ್ತು.

"ಏಳವ್ವ, ನೋಡ್ದೋರು ಏನಂದಾರು," ಎಂದು ಗಂಗಲಕ್ಷ್ಮಮ್ಮ ಅವಳ ತಲೆ ಕೊಡವಲು ಕೈ ಚಾಚಿದಳು.

"ನಾನು ಮುಡ್ಕೊಂಡಿಲ್ಲ ಅತ್ಗೆ," ಎಂದಳು ಸರಸಮ್ಮ.

ಚಾಚಿದ ಕೈ ಅಲ್ಲೇ ನಿಂತಿತು. ಗಾಳಿ ಬೀಸಿ ಇನ್ನಷ್ಟು ಹೂವು ಉದುರಿತು. ಗಂಗಲಕ್ಷ್ಮಮ್ಮ ಮರವನ್ನು ನೋಡಿದಳು. ತಿರುಗಿ ಹಿತ್ತಿಲ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮೆಲ್ಲಗೆ ಸರಸಮ್ಮನ ಪಕ್ಕದಲ್ಲಿ ಕೂತು, ತನ್ನ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.