ಆಟಕ್ಕುಂಟು, ಲೆಕ್ಕಕ್ಕಿಲ್ಲ

“ಎಳೀಲಾ ಬಡ್ಡಿಮಗನೇ, ಎಳಿ. ನಿಮ್ಮವ್ವ ಜೋಳದ ಪೆಟ್ಟಿಗೆ ಎತ್ತೋವಷ್ಟು ಕಸುವೂ ಇಲ್ವೇನ್ಲಾ ನಿಂಗೆ?”

ಕೋಚ್ ರೆಡಿಕ್ ನನ್ನ ಬೆನ್ನ ಹಿಂದೆಯೇ ಬರುತ್ತಿದ್ದ. ನನ್ನ ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ಟ್ರ್ಯಾಕ್ಟರಿನ ಟೈರು. ಕಟಾವಿಗೆ ಮುಂಚೆ ಒಣಗರಿ ಸುಡಲು ಪಕ್ಕದ ಕಬ್ಬಿನ ಗದ್ದೆಗೆ ಬೆಂಕಿ ಇಟ್ಟಿದ್ದರು. ಮೈದಾನದ ತುಂಬ ಕರಿ ಬೂದಿ ಉದುರುತ್ತಿತ್ತು. ಬಾಯಿ ತೆರೆದರೆ ಬೂದಿ, ಮುಚ್ಚಿದರೆ ಉಸಿರಿಲ್ಲ.

ಫ್ಲಾರಿಡಾದ ಈ ಕೆರೆ ಬದಿಯ ಊರಲ್ಲಿ ಗಂಡುಮಕ್ಕಳಿಗೆ ಎರಡೇ ದಾರಿ. ಒಂದು ಫುಟ್‌ಬಾಲು, ಇನ್ನೊಂದು ಟಾಲ್ಬರ್ಟ್ ಸಾಹೇಬನ ಸಕ್ಕರೆ ಮಿಲ್ಲು. ನಮ್ಮ ಫುಟ್‌ಬಾಲು ಕಾಲಲ್ಲಿ ಒದೆಯುವಂಥದ್ದಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರು ಬಂದ ಹನ್ನೊಂದು ಜನರ ನಡುವೆ ನುಗ್ಗಿ ಗೆರೆ ದಾಟಬೇಕು. ಹಾಗೆ ನುಗ್ಗುವುದರಲ್ಲಿ ನನ್ನನ್ನು ಮೀರಿಸಿದವನು ಸುತ್ತಮುತ್ತ ಇರಲಿಲ್ಲ. ಜಂಬ ಅಂದುಕೊಳ್ಳಿ, ಬೇಕಾದರೆ. ದೊಡ್ಡ ಕಾಲೇಜೊಂದು ಓದು, ಊಟ, ಹಾಸ್ಟೆಲು ಎಲ್ಲ ಪುಕ್ಕಟೆ ಕೊಡುತ್ತೇವೆಂದು ಮಾತು ಕೊಟ್ಟಿತ್ತು. ಹೈಸ್ಕೂಲಿನ ಈ ಕೊನೆಯ ವರ್ಷ ಮುಗಿಸಿದರೆ ಸಾಕು, ಊರು ಬಿಟ್ಟಂತೆಯೇ.

“ಲೇ ವಿಲ್ಕೆನ್ಸ್, ಟೈರು ಬಿಚ್ಚಾಕಿ ಆಫೀಸ್‌ಗೆ ಹೋಗು. ನಿಮ್ಮವ್ವ ಬಂದವ್ಳೆ,” ಎಂದ ಕೋಚ್. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ.

ಯಾರು ಯಾವ ಪಾಠಕ್ಕೆ ಕೂರಬೇಕೆಂದು ನಮ್ಮ ಶಾಲೆಯಲ್ಲಿ ಗೊತ್ತುಮಾಡುವವಳು ಮಿಸ್ ಪ್ರೂಯಿಟ್. ಅವಳ ಕೋಣೆಯಲ್ಲಿ ಅಮ್ಮ ಕೂತಿದ್ದಳು. ಮುಸುಕಿನ ಜೋಳ ಪೆಟ್ಟಿಗೆಗೆ ತುಂಬುವ ಪ್ಯಾಕಿಂಗ್ ಶೆಡ್ಡಿನಿಂದ ನೇರ ಬಂದಿದ್ದರಿಂದ ತೋಳಿಗೆಲ್ಲ ತೆನೆಯ ಕೂದಲು ಅಂಟಿತ್ತು. ಕುರ್ಚಿ ಕೊಳೆಯಾದೀತೆಂದು ಮಿಸ್ ಪ್ರೂಯಿಟ್ ಅದರ ಮೇಲೆ ಪೇಪರು ಹಾಸಿ ಅಮ್ಮನನ್ನು ಕೂರಿಸಿದ್ದಳು.

“ನಿಮ್ಮ ಮಗ ಹೈಸ್ಕೂಲ್ ಪಾಸಾಗ್ತಾನೆ. ಅದಕ್ಕೇನೂ ತೊಂದರೆ ಇಲ್ಲ,” ಎಂದಳು. “ಆದ್ರೆ ಕಾಲೇಜಲ್ಲಿ ಆಡೋಕೆ ಆಗಲ್ಲ. ಆಡದಿದ್ರೆ ಪುಕ್ಕಟೆ ಓದೂ ಇಲ್ಲ.”

“ಯಾಕಮ್ಮಾ? ಎಲ್ಲಾದ್ರಲ್ಲೂ ಎ ಬಂದದಲ್ಲ.”

“ಬಂದಿದೆ. ಆದ್ರೆ ಇವನು ತಗೊಂಡಿರೋ ‘ದಿನಬಳಕೆಯ ಗಣಿತ’ ಕಾಲೇಜಿನವರ ಲೆಕ್ಕಕ್ಕೆ ಬರಲ್ಲ. ‘ಸುಲಭ ಇಂಗ್ಲಿಷ್’ ಬರಲ್ಲ. ಕಂಪ್ಯೂಟರ್ ಮುಂದೆ ಕೂತು ಒಂದು ವಾರದಲ್ಲಿ ಮುಗಿಸಿದ್ನಲ್ಲ, ಆ ವಿಜ್ಞಾನವಂತೂ ಬರೋದೇ ಇಲ್ಲ. ಅವರು ಒಪ್ಪೋ ಪಾಠಗಳಲ್ಲಿ ಹತ್ತು, ಕೊನೇ ವರ್ಷ ಶುರುವಾಗೋಕೆ ಮುಂಚೆನೇ ಮುಗಿದಿರಬೇಕು. ಇವನದು ಆರೇ ಇರೋದು. ಈಗ ಬಾಗಿಲು ಹಾಕಿಯಾಯ್ತು.”

“ಲೆಕ್ಕಕ್ಕಿಲ್ದಿರೋ ಕ್ಲಾಸ್‌ಗೆ ನನ್ ಮಗನ್ನ ಯಾಕೆ ಹಾಕುದ್ರಿ?”

“ನೀವೇ ಒಪ್ಪಿದ್ರಲ್ಲ.”

ಒಪ್ಪಿದ್ದು ನಿಜ. ಎರಡು ವರ್ಷದ ಹಿಂದೆ ನಾನು ಬೀಜಗಣಿತದ ಕ್ಲಾಸಿನಲ್ಲಿದ್ದೆ. ತಿಣುಕಾಡುತ್ತಿದ್ದೆ, ಅಂಕ ಕಡಿಮೆ. ಆದರೆ ಒಂದೊಂದು ಲೆಕ್ಕ ಬಿಡಿಸಿದಾಗ ಏನೋ ಖುಷಿಯಾಗುತ್ತಿತ್ತು, ಅದು ಚೆಂಡು ಹಿಡಿದಾಗಲೂ ಆಗಿರಲಿಲ್ಲ. ಫೇಲಾದರೆ ಶುಕ್ರವಾರದ ಆಟಕ್ಕೆ ನಾನಿಲ್ಲ. ಅದಕ್ಕೇ ಕೋಚ್ ಒಂದು ಡಬ್ಬ ಕರಿದ ಕೋಳಿ ಹಿಡಿದುಕೊಂಡು ಮನೆಗೆ ಬಂದ. “ತಾಯೀ, ಹುಡುಗನ್ನ ಒಳ್ಳೇ ಕ್ಲಾಸ್‌ಗೆ ಹಾಕ್ತೀನಿ. ಎ ಮೇಲೆ ಎ ಬರ್ತದೆ,” ಎಂದ.

ಅಮ್ಮ ಹೈಟಿಯವಳು. ಅವಳ ಹಳ್ಳಿಯಲ್ಲಿ ಮೇಷ್ಟ್ರು ಮನೆಗೆ ಬಂದರೆ ಇರುವ ಒಂದು ಕುರ್ಚಿಯನ್ನು ಲಂಗದ ಅಂಚಲ್ಲಿ ಒರೆಸಿ ಕೊಡುತ್ತಾರೆ, ಮೇಷ್ಟ್ರ ಮಾತಿಗೆ ಎದುರಾಡುವುದಿಲ್ಲ. ಆಟ ಕಲಿಸುವವನೂ ಮೇಷ್ಟ್ರೇ ಎಂದುಕೊಂಡಳು ಅವಳು. ನಾನು ಬೇಡ ಎಂದದ್ದಕ್ಕೆ ತಲೆಗೊಂದು ಬಿಟ್ಟಳು. “ಮೇಷ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತೇನ್ಲಾ?”

“ಎರಡು ವರ್ಷದ ಸಣ್ಣ ಕಾಲೇಜುಗಳಿವೆ,” ಎನ್ನುತ್ತಿದ್ದಳು ಮಿಸ್ ಪ್ರೂಯಿಟ್. “ಸ್ವಂತ ಖರ್ಚಲ್ಲಿ ಅಲ್ಲಿ ಓದಿ ಸರಿಮಾಡ್ಕೋಬಹುದು. ಕ್ಯಾನ್ಸಾಸ್ ಕಡೆ.”

“ಆ ಊರು ಎಲ್ಲದೆ?” ಎಂದಳು ಅಮ್ಮ.

“ದೂರ.”

ಅಮ್ಮ ಎದ್ದಳು. ನಾವಿನ್ನೂ ಬಾಗಿಲು ದಾಟಿರಲಿಲ್ಲ, ಮಿಸ್ ಪ್ರೂಯಿಟ್ ಕುರ್ಚಿಯ ಮೇಲಿನ ಪೇಪರನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದಳು.

ಅಮ್ಮನನ್ನು ಬಸ್ಸಿಗೆ ಹತ್ತಿಸಿ ಮೈದಾನಕ್ಕೆ ವಾಪಸು ಬಂದೆ.

“ನಿಮಗೆ ಗೊತ್ತಿತ್ತಾ ಕೋಚ್?”

“ಗೊತ್ತಿತ್ತು ಕಣ್ಲಾ. ಏನ್ ಮಾಡ್ಲಿ? ಶುಕ್ರವಾರ ನೀನು ಕೂತ್ರೆ ಸೋಮವಾರ ನನ್ ಕೆಲಸ ಹೋಯ್ತದೆ. ನನ್ನೂ ಹಿಂಗೇ ಓಡುಸುದ್ರು. ನೋಡಿಲ್ಲಿ.” ಪ್ಯಾಂಟು ಎತ್ತಿ ಮಂಡಿಯ ಮೇಲಿನ ಹೊಲಿಗೆ ತೋರಿಸಿದ. ನನಗೆ ಅವನ ಮಂಡಿ ಕಟ್ಟಿಕೊಂಡು ಏನಾಗಬೇಕಿತ್ತು?

“ನಂದು ಮುಗೀತು. ಆ ಕ್ಲಾಸಲ್ಲಿ ನಮ್ ಟೀಮಿನ ಚಿಕ್ಕ ಹುಡುಗ್ರು ಅವ್ರೆ. ಅವ್ರಿಗಾದ್ರೂ ನಿಜ ಹೇಳಿ. ಅವ್ರಿಗಿನ್ನೂ ಟೈಮದೆ.”

“ಬಾಯ್ ಮುಚ್ಕಂಡು ಆಡು. ಕೊನೇ ಆಟ ಗೆಲ್ಸು, ಸಾಹೇಬ್ರು ಮಿಲ್ಲಲ್ಲಿ ನಿಂಗೊಂದು ಕೆಲಸ ಕೊಡ್ತಾರಂತೆ.”

ಹುಡುಗರಿಗೆ ನಾನೇ ಹೇಳಿದೆ. ಒಬ್ಬನೂ ನಂಬಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವನಾದ ಕೀಯಾಂಟೆ ನಕ್ಕುಬಿಟ್ಟ. ಗಾಳಿಯಂತೆ ಓಡುತ್ತಾನೆ ಅವನು. “ಅಣ್ಣಂಗೆ ಹೊಟ್ಟೆಕಿಚ್ಚು. ನಾವೂ ಕಾಲೇಜಿಗೆ ಹೋಗ್ಬಿಡ್ತೀವಿ ಅಂತ.”

ಕೊನೆಯ ವರ್ಷದವರನ್ನು ಕೊನೆಯ ಆಟದ ದಿನ ತಾಯಿಯ ಕೈ ಹಿಡಿಸಿ ಮೈದಾನದ ನಡುವೆ ನಡೆಸುವುದು ನಮ್ಮಲ್ಲಿ ಪದ್ಧತಿ. ಹುಡುಗ ಮುಂದೇನು ಮಾಡುತ್ತಾನೆಂದು ಮೈಕಿನಲ್ಲಿ ಕೂಗುತ್ತಾರೆ. ಅಮ್ಮ ಚರ್ಚಿಗೆ ಹಾಕುವ ಹಳದಿ ಬಟ್ಟೆ ಹಾಕಿಕೊಂಡು ಬಂದಿದ್ದಳು.

“ವಿಲ್ಕೆನ್ಸ್ ಡೊರ್ವಿಲ್,” ಎಂದಿತು ಮೈಕು. ಆಮೇಲೆ ಆ ದೊಡ್ಡ ಕಾಲೇಜಿನ ಹೆಸರು ಹೇಳಿ, ಬರುವ ವರ್ಷ ಅಲ್ಲಿ ಆಡುತ್ತಾನೆ ಎಂದಿತು. ಊರಿಗೆ ಊರೇ ಎದ್ದು ಚಪ್ಪಾಳೆ ತಟ್ಟಿತು. ತಂಡದ ಖರ್ಚು ನೋಡಿಕೊಳ್ಳುವ ಮಿಲ್ಲಿನ ಟಾಲ್ಬರ್ಟ್ ಅಮ್ಮನ ಕೈಗೊಂದು ಹೂವು ಕೊಟ್ಟು, “ಹೆಮ್ಮೆ ಪಡಬೇಕಮ್ಮ ನೀನು. ಸ್ವಲ್ಪ ನಗು, ಫೋಟೋ ತೆಗೀತಿದಾರೆ,” ಎಂದ. ಎಲ್ಲ ಗೊತ್ತಿದ್ದೇ ಅಂದ ಆ ಮಾತು.

“ನಗಬೇಕಾ ಮಗಾ?” ಎಂದಳು ಅಮ್ಮ ಮೆಲ್ಲಗೆ.

“ನಗಬ್ಯಾಡ.”

ವಾಪಸು ಬಂದಾಗ ಕೀಯಾಂಟೆ ನನ್ನ ಭುಜಕ್ಕೆ ಗುದ್ದಿದ. “ಕೇಳುದ್ಯಾ? ಮೈಕಲ್ಲೇ ಹೇಳುದ್ರು. ಸುಮ್ನೆ ನಮ್ಮನ್ನ ಹೆದರುಸ್ತಿದ್ದೆ.”

ಅವತ್ತು ಹುಚ್ಚು ಹಿಡಿದವನಂತೆ ಆಡಿದೆ. ಸಿಟ್ಟಿಗೆ ಬೇರೆ ಯಾವ ದಾರಿಯೂ ಇರಲಿಲ್ಲ. ಕೊನೆಯ ನಿಮಿಷದಲ್ಲಿ ನಾವು ನಾಲ್ಕು ಪಾಯಿಂಟು ಹಿಂದಿದ್ದೆವು. ನಾನು ಗೆರೆ ದಾಟಿದರೆ ಆರು, ಗೆದ್ದಂತೆಯೇ. ಚೆಂಡು ನನ್ನ ಕೈಗೆ ಬಂತು. ಒಬ್ಬನನ್ನು ಅಂಗೈಯಲ್ಲಿ ತಳ್ಳಿದೆ, ಇನ್ನೊಬ್ಬ ನನ್ನ ಅಂಗಿ ಹಿಡಿದು ಹರಿದ. ಆಮೇಲೆ ಎದುರಿಗೆ ಬರಿ ಹುಲ್ಲು. ಜನರ ಕೂಗಿಗೆ ಕಿವಿ ಗುಂಯ್‌ಗುಟ್ಟುತ್ತಿತ್ತು. ಮಾತು ಮೈಕಿನವರದು, ಪೇಪರಿನವರದು, ಸಾಹೇಬನದು. ನನ್ನ ಕೈಲಿದ್ದದ್ದು ಈ ಚೆಂಡು ಒಂದೇ.

ಗೆರೆಗೆ ಒಂದು ಗಜ ಇರುವಾಗ ನಿಂತೆ. ಬಗ್ಗಿ ಚೆಂಡನ್ನು ಹುಲ್ಲಿನ ಮೇಲಿಟ್ಟೆ.

ಎದುರು ತಂಡದ ಹುಡುಗನೊಬ್ಬ ಓಡಿ ಬಂದವನು ಗಕ್ಕನೆ ನಿಂತು ಚೆಂಡು ನೋಡಿದ, ನನ್ನ ಮುಖ ನೋಡಿದ. “ಎತ್ಕೊ,” ಎಂದೆ. ಎತ್ತಿಕೊಂಡು ಓಡಿದ. ನಮ್ಮವರು ಅಟ್ಟಿಸಿಕೊಂಡು ಹೋಗಿ ಅವನನ್ನು ಕೆಡವಿದರು. ಚೆಂಡು ಈಗ ಅವರದು, ನಮ್ಮ ಓಡುವವರು ಹೊರಬಂದು ತಡೆಯುವವರು ಇಳಿಯಬೇಕಿತ್ತು.

ಹೆಲ್ಮೆಟ್ ತೆಗೆದು ಬೆಂಚಿನ ಹತ್ತಿರ ಬಂದೆ. “ಏನ್ಲಾ ಮಾಡ್ದೆ ಸೂಳೇಮಗನೇ,” ಎಂದು ಕೋಚ್ ನನ್ನ ಎದೆಗೆ ಕೈಯಿಟ್ಟು ನೂಕಿದ. ಬೇಲಿಯಾಚೆಯಿಂದ ಟಾಲ್ಬರ್ಟ್ ಕಿರುಚುತ್ತಿದ್ದ. “ಒಂದು ಗಜ. ಒಂದೇ ಒಂದು ಗಜ ಇತ್ತಲ್ಲೋ, ನಾಯಿ.”

“ಎಂಬತ್ತು ಗಜ ಓಡಿದ್ನಲ್ಲ ಸಾಹೇಬ್ರೆ. ಅದು ಲೆಕ್ಕಕ್ಕಿಲ್ವಾ?” ಎಲ್ಲರಿಗೂ ಕೇಳಲಿ ಎಂದು ಗಂಟಲೆತ್ತಿ ಹೇಳಿದೆ. “ನಾನ್ಯಾವ ಕಾಲೇಜಿಗೂ ಹೋಗ್ತಿಲ್ಲ. ಮೈಕಲ್ಲಿ ಹೇಳಿದ್ದು ಸುಳ್ಳು. ನನ್ನ ಓದು ಯಾರೂ ಒಪ್ಪಲ್ಲ, ಇವ್ರು ಒಪ್ಪದಂಗೆ ಮಾಡವ್ರೆ. ಕೇಳಿ ನಿಮ್ಮ ಕೋಚನ್ನ.”

ಕೋಚ್ ಬೆಂಚಿನ ಹುಡುಗರ ಕಡೆ ತಿರುಗಿದ. “ಇನ್ನೂ ಟೈಮದೆ. ಇಳೀರಿ, ಚೆಂಡು ಕಿತ್ಕೊಳಿ. ನಡಿಯೋ ಕೀಯಾಂಟೆ.”

ಕೀಯಾಂಟೆ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಿದ್ದವನು ನಿಲ್ಲಿಸಿದ. “ಕೋಚ್, ನಂದೂ ಅದೇ ಗಣಿತ ಅಲ್ವಾ?”

“ಇಳೀಲಾ ಮೊದ್ಲು.”

“ಹೇಳಿ ಕೋಚ್. ನಂದೂ ಅದೇ ಅಲ್ವಾ?”

ಕೋಚ್ ಗಡಿಯಾರ ನೋಡಿದ. ಕೀಯಾಂಟೆ ಬೆಂಚಿನ ಮೇಲೆ ಕೂತ. ಅವನ ಪಕ್ಕದವನೂ ಕೂತ. ರೆಫರಿ ಸೀಟಿ ಊದಿ ನಮ್ಮ ತಂಡವನ್ನು ಕರೆದ, ಮತ್ತೊಮ್ಮೆ ಕರೆದ. ಗಡಿಯಾರದಲ್ಲಿ ಇನ್ನೂ ಆಟ ಉಳಿದಿತ್ತು. ನಮ್ಮ ಕಡೆಯಿಂದ ಮೈದಾನಕ್ಕೆ ಯಾರೂ ಇಳಿಯಲಿಲ್ಲ.